ವಿಜಯಪುರದಲ್ಲಿ ಮೊದಲ ನೌಕರಿ: ದಿನದ ಎರಡು ತುದಿಗಳನ್ನು ಉಳಿಸಿಕೊಳ್ಳುವ ಕ್ರಮ

ಮೊದಲ ನೇಮಕಾತಿಯ ಆದೇಶ ಹಿಡಿದು ವಿಜಯಪುರಕ್ಕೆ ಬರುವ ಯುವಕ ಯುವತಿಯರು, ಅವರು ದ್ವಿತೀಯ ದರ್ಜೆ ಸಹಾಯಕರಾಗಿರಲಿ, ಬ್ಯಾಂಕಿನ ಗುಮಾಸ್ತರಾಗಿರಲಿ, ಖಾಸಗಿ ಕಚೇರಿಯಲ್ಲಿ ಲೆಕ್ಕ ಬರೆಯುವವರಾಗಿರಲಿ, ಇಲ್ಲಿ ಬಿಸಿಲು ಹೆಚ್ಚು, ನೀರು ಕಡಿಮೆ ಎಂಬ ಎರಡು ಮಾತುಗಳನ್ನು ತಮ್ಮ ಊರಿನಲ್ಲೇ ಕೇಳಿಕೊಂಡು ಬಂದಿರುತ್ತಾರೆ. ಎರಡೂ ಸುಳ್ಳಲ್ಲ. ಆದರೆ ಈ ಎರಡನ್ನೂ ಲೆಕ್ಕಕ್ಕೆ ಹಿಡಿದು ದಿನಚರಿಯನ್ನು ಹೊಂದಿಸಿಕೊಂಡವರಿಗೆ ಈ ಊರು ಕೊಡುವ ಸಣ್ಣಪುಟ್ಟ ಸುಖಗಳು ದೊಡ್ಡ ನಗರಗಳಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ, ಕಚೇರಿಯಿಂದ ಇಷ್ಟು ಹತ್ತಿರದಲ್ಲಿ ಸಿಗುವುದಿಲ್ಲ.

ಆ ಹೊಂದಾಣಿಕೆಯ ಹಿಂದಿರುವ ಲೆಕ್ಕ ಸರಳವಾದದ್ದು. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗಿನ ಹೊತ್ತು ಹೇಗೂ ಕಚೇರಿಗೆ ಸೇರಿದ್ದು. ವರ್ಷದ ಮೂರು ತಿಂಗಳು ಅದೇ ಹೊತ್ತು ಬಿಸಿಲಿಗೂ ಸೇರಿದ್ದು. ನೌಕರನ ಪಾಲಿಗೆ ಉಳಿಯುವುದು ಮುಂಜಾನೆಯ ಎರಡು ತಾಸು ಮತ್ತು ಸಂಜೆಯ ಮೂರು ತಾಸು. ಬಿಡುವು ಸಿಕ್ಕಾಗ ನೋಡೋಣ ಎಂದು ಈ ಎರಡು ತುದಿಗಳನ್ನು ಸಡಿಲ ಬಿಟ್ಟರೆ ಮುಂಜಾನೆಯದನ್ನು ನಿದ್ದೆಯೂ ಸಂಜೆಯದನ್ನು ಮೊಬೈಲೂ ತೆಗೆದುಕೊಳ್ಳುತ್ತವೆ. ಆದುದರಿಂದ ಪ್ರತಿಯೊಂದು ಸುಖಕ್ಕೂ ಗೊತ್ತಾದ ಒಂದು ಹೊತ್ತನ್ನೂ ಗೊತ್ತಾದ ಒಂದು ಜಾಗವನ್ನೂ ಕೊಡಬೇಕು, ಮತ್ತು ಆ ಹೊತ್ತನ್ನು ಗಡಿಯಾರಕ್ಕಿಂತ ಹೆಚ್ಚಾಗಿ ಋತುವನ್ನು ನೋಡಿ ಗೊತ್ತುಪಡಿಸಬೇಕು.

ಕೋಣೆ, ನಳ, ಗಡಿಗೆ

ದಿನಚರಿಯ ಅರ್ಧ ಭಾಗ ಬಾಡಿಗೆಯ ಕೋಣೆಯನ್ನು ಆರಿಸುವಾಗಲೇ ತೀರ್ಮಾನವಾಗಿಬಿಡುತ್ತದೆ. ಎಲ್ಲಕ್ಕಿಂತ ಮೇಲಿನ ಅಂತಸ್ತಿನ ಕೋಣೆಗೆ ಬಾಡಿಗೆ ಕಡಿಮೆ ಹೇಳಿದರೆ ಅದರ ಕಾರಣವನ್ನು ಏಪ್ರಿಲ್ ತಿಂಗಳು ತಿಳಿಸಿಕೊಡುತ್ತದೆ. ಹಗಲೆಲ್ಲ ಕಾಯ್ದ ಕಾಂಕ್ರೀಟ್ ಚಾವಣಿಯು ತಾನು ಹೀರಿಕೊಂಡ ಶಾಖವನ್ನು ನಡುರಾತ್ರಿಯವರೆಗೂ ಒಳಕ್ಕೆ ಬಿಡುತ್ತಿರುತ್ತದೆ. ಪಶ್ಚಿಮದ ಬಿಸಿಲಿಗೆ ಬಯಲಾದ ಗೋಡೆಯೂ ಹಾಗೆಯೇ. ಮೇಲೆ ಇನ್ನೊಂದು ಅಂತಸ್ತು ಇರುವ, ಪೂರ್ವಕ್ಕೋ ಉತ್ತರಕ್ಕೋ ಕಿಟಕಿಯಿರುವ ಕೋಣೆಗೆ ತಿಂಗಳಿಗೆ ಸ್ವಲ್ಪ ಹೆಚ್ಚು ಕೊಡಬೇಕಾಗಿ ಬಂದರೂ ಕೊಡುವುದೇ ಲೇಸು, ಏಕೆಂದರೆ ರಾತ್ರಿ ನಿದ್ದೆ ಬಾರದವರಿಗೆ ಮುಂಜಾನೆ ಎಂಬುದೇ ಇರುವುದಿಲ್ಲ. ಮಾಲೀಕರೊಡನೆ ಬಾಡಿಗೆಯ ಮಾತು ಎತ್ತುವ ಮೊದಲು "ಕಾಕಾ, ನಳ ಎಷ್ಟು ದಿನಕ್ಕೊಮ್ಮಿ ಬರ್ತಾವರಿ, ಎಷ್ಟೊತ್ತಿಗೆ ಬಿಡ್ತಾರರಿ?" ಎಂದು ಕೇಳಿಕೊಳ್ಳಬೇಕು. ನೀರು ಬಿಡುವ ದಿನ ಮತ್ತು ಹೊತ್ತು ತಿಳಿದರೆ ಬಟ್ಟೆ ಒಗೆಯುವ, ಕೊಡ ತುಂಬಿಸುವ ಕೆಲಸಗಳು ಆ ದಿನಕ್ಕೆ ಸೇರಿ, ಉಳಿದ ಮುಂಜಾನೆಗಳು ಖಾಲಿಯಾಗಿ ಸಿಗುತ್ತವೆ. ಇದನ್ನು ತಿಳಿಯದೆ ಬಂದವರು ದಿನವೂ ನಳದ ಸಪ್ಪಳಕ್ಕೆ ಕಿವಿಗೊಟ್ಟು ಕುಳಿತಿರಬೇಕಾಗುತ್ತದೆ.

ಕೋಣೆಗೆ ತರಬೇಕಾದ ಮೊದಲ ವಸ್ತು ಒಂದು ಮಣ್ಣಿನ ಗಡಿಗೆ. ಅದರ ಗೋಡೆಯ ಸೂಕ್ಷ್ಮ ರಂಧ್ರಗಳಿಂದ ಒಸರುವ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಎಳೆದುಕೊಳ್ಳುತ್ತದೆ, ಮತ್ತು ಗಾಳಿ ಒಣಗಿದ್ದಷ್ಟೂ ಈ ಕೆಲಸ ಚೆನ್ನಾಗಿ ನಡೆಯುತ್ತದೆ. ವಿಜಯಪುರದ ಬೇಸಿಗೆಯ ಗಾಳಿ ಒಣಗಾಳಿಯೇ ಆದುದರಿಂದ ಗಡಿಗೆಗೆ ಇದಕ್ಕಿಂತ ಒಳ್ಳೆಯ ಊರಿಲ್ಲ. ಹೊಸ ಗಡಿಗೆಯನ್ನು ಒಂದು ದಿನ ನೀರು ತುಂಬಿ ಇಟ್ಟು, ಆ ನೀರನ್ನು ಗಿಡಕ್ಕೆ ಹಾಕಿ, ಮತ್ತೆ ತುಂಬಬೇಕು. ನೆರಳಿನಲ್ಲಿ, ಗಾಳಿಯಾಡುವ ಕಡೆ, ಒದ್ದೆ ಮರಳಿನ ಮೇಲೆ ಇಡಬೇಕು. ಸೋಪು ಹಚ್ಚಿ ತಿಕ್ಕಬಾರದು, ಏಕೆಂದರೆ ರಂಧ್ರಗಳು ಮುಚ್ಚಿಹೋದರೆ ಗಡಿಗೆ ತಣಿಸುವುದನ್ನೇ ನಿಲ್ಲಿಸುತ್ತದೆ. ಏರ್ ಕೂಲರ್ ಕೆಲಸ ಮಾಡುವುದೂ ಇದೇ ನಿಯಮದಿಂದ, ಹಾಗಾಗಿ ಅದು ಏಪ್ರಿಲ್ ಮೇ ತಿಂಗಳುಗಳಲ್ಲಿ ಉಪಕಾರಿಯೇ ಹೊರತು ಮಳೆ ಬಿದ್ದು ಗಾಳಿ ತೇವಗೊಂಡ ಮೇಲೆ ಬರಿಯ ಸದ್ದು ಮಾಡುವ ಪಂಖಾ ಆಗಿಬಿಡುತ್ತದೆ. ಕೂಲರಿಗೆ ದಿನವೂ ನೀರು ಬೇಕೆಂಬುದನ್ನು ಕೊಳ್ಳುವ ಮೊದಲು ನೆನೆಯಬೇಕು.

ಮುಂಜಾನೆಯ ನಡಿಗೆ

ಇಲ್ಲಿ ಸೂರ್ಯ ಮೂಡುವುದು ಏಪ್ರಿಲ್ ಕೊನೆಯಲ್ಲಿ ಆರು ಗಂಟೆಯ ಆಸುಪಾಸಿನಲ್ಲಿ, ಜನವರಿಯಲ್ಲಿ ಏಳರ ಆಸುಪಾಸಿನಲ್ಲಿ. ವರ್ಷವಿಡೀ ಒಂದೇ ಗಂಟೆಗೆ ಏಳುತ್ತೇನೆಂದು ಪಣ ತೊಡುವುದಕ್ಕಿಂತ ಸೂರ್ಯೋದಯಕ್ಕೆ ಅರ್ಧ ತಾಸು ಮೊದಲು ಏಳುವ ಕ್ರಮವನ್ನು ಇಟ್ಟುಕೊಂಡರೆ ಚಳಿಗಾಲದಲ್ಲಿ ಹೆಚ್ಚು ನಿದ್ದೆ ಸಿಗುತ್ತದೆ, ಬೇಸಿಗೆಯಲ್ಲಿ ತಂಪು ಹೊತ್ತು ಕೈತಪ್ಪುವುದಿಲ್ಲ. ಬೇಸಿಗೆಯಲ್ಲಿ ಎಂಟು ಗಂಟೆಗಾಗಲೇ ಬಿಸಿಲು ಚುರುಗುಟ್ಟುತ್ತದೆ ಎಂಬುದನ್ನು ನೆನಪಿಟ್ಟರೆ ಈ ಅರ್ಧ ತಾಸಿನ ಬೆಲೆ ತಿಳಿಯುತ್ತದೆ.

ನಡೆಯಲು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಈ ಊರಿನಲ್ಲಿ ಹುಟ್ಟಬಾರದು, ಆದರೂ ಹುಟ್ಟುತ್ತದೆ, ಏಕೆಂದರೆ ಹೊಸಬರು ಗೋಲಗುಂಬಜವೊಂದನ್ನೇ ಎಣಿಸಿಕೊಂಡಿರುತ್ತಾರೆ. ದಿನನಿತ್ಯದ ನಡಿಗೆಗೆ ಟಿಕೆಟ್ ಇಲ್ಲದ ಜಾಗಗಳೇ ಸೂಕ್ತ. ಒಂದನೆಯ ಅಲಿ ಆದಿಲ್‌ಶಾಹ 1561ರ ಹೊತ್ತಿಗೆ ಕಟ್ಟಿಸಿದ ಗಗನ ಮಹಲಿನ ದೊಡ್ಡ ಕಮಾನಿನ ಎದುರು, ಎರಡನೆಯ ಅಲಿ ಆದಿಲ್‌ಶಾಹನ ಸಮಾಧಿಯಾಗಿ ಆರಂಭವಾಗಿ ಅರ್ಧಕ್ಕೆ ನಿಂತ ಬಾರಾ ಕಮಾನಿನ ಸುತ್ತ, ಊರಿನ ಪಶ್ಚಿಮದ ಕೋಟೆಗೋಡೆಯ ಬಳಿ ಮಲಿಕ್-ಎ-ಮೈದಾನ್ ತೋಪಿನ ಬುರುಜಿನ ಹತ್ತಿರ, ಹೀಗೆ ಮನೆಗೆ ಸಮೀಪವಾದ ಒಂದನ್ನು ಆರಿಸಿಕೊಳ್ಳಬಹುದು. ಆ ತೋಪು ಸುಮಾರು 55 ಟನ್ ತೂಕದ ಎರಕದ ತೋಪು; 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದು ಮುಂದೆ ಇಲ್ಲಿಗೆ ತಂದದ್ದು. ಅದರಿಂದ ಸ್ವಲ್ಪ ದೂರದಲ್ಲಿರುವ ಉಪ್ಪಲಿ ಬುರುಜು ಸುಮಾರು 80 ಅಡಿ ಎತ್ತರದ ದುಂಡು ಗೋಪುರ. ಅದರ ಹೊರಮೈಯನ್ನೇ ಸುತ್ತಿಕೊಂಡು ಮೇಲೇರುವ ಕಲ್ಲಿನ ಮೆಟ್ಟಿಲುಗಳನ್ನು ಹತ್ತಿ ನಿಂತರೆ ಊರು ನಾಲ್ಕು ದಿಕ್ಕಿಗೂ ಬಿಚ್ಚಿಕೊಳ್ಳುತ್ತದೆ, ಮತ್ತು ಹಿಂದಿನ ದಿನದ ಕಡತದ ಚಿಂತೆ ಇನ್ನೂ ತಲೆಯಲ್ಲಿದ್ದರೆ ಮೆಟ್ಟಿಲ ಏದುಸಿರಿನಲ್ಲಿ ಅದು ಉಳಿಯುವುದಿಲ್ಲ. ಅಂಚಿನಲ್ಲಿ ಎಚ್ಚರ ಬೇಕು. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ.

ದಿನಕ್ಕೊಂದು ಸ್ಮಾರಕವೆಂದು ಪಟ್ಟಿ ಮಾಡಿಕೊಂಡು ಓಡಾಡುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ಪ್ರವಾಸಿಗರ ಕ್ರಮ. ನೌಕರಿಯ ಮೇಲೆ ಬಂದವರು ಒಂದೇ ಜಾಗಕ್ಕೆ ತಿಂಗಳುಗಟ್ಟಲೆ ಹೋಗಬೇಕು, ಆಗ ಅಲ್ಲಿಗೆ ಬರುವ ನಿವೃತ್ತ ಮಾಸ್ತರರು, ಹಾಲಿನ ಕ್ಯಾನು ಕಟ್ಟಿಕೊಂಡು ಸಾಗುವವರು, ಗುಡಿಗೆ ಹೂ ಒಯ್ಯುವ ಅಜ್ಜಿ ಇವರೆಲ್ಲ ಮುಖಪರಿಚಯದವರಾಗಿ, "ಯಾಕಪ್ಪಾ, ನಿನ್ನಿ ಬರಲಿಲ್ಲಲಾ?" ಎಂದು ಕೇಳುವ ಒಬ್ಬರಾದರೂ ಸಿಗುತ್ತಾರೆ. ಪರಊರಿನಲ್ಲಿ ಒಂಟಿ ಕೋಣೆಯಲ್ಲಿರುವವರಿಗೆ ಈ ಒಂದು ಪ್ರಶ್ನೆ ವ್ಯಾಯಾಮಕ್ಕಿಂತ ಹೆಚ್ಚು ಉಪಕಾರ ಮಾಡುತ್ತದೆ.

ಗೋಲಗುಂಬಜವನ್ನು ತಿಂಗಳಿಗೊಮ್ಮೆ ಎಂದು ಬೇರೆಯಾಗಿ ಇಟ್ಟುಕೊಳ್ಳಬೇಕು, ಮತ್ತು ಆ ದಿನ ಬಾಗಿಲು ತೆರೆಯುವ ಹೊತ್ತಿಗೇ ಟಿಕೆಟ್ ಪಡೆದು ಒಳಗಿರಬೇಕು. ಮಹಮ್ಮದ್ ಆದಿಲ್‌ಶಾಹನ (1627–1656) ಈ ಸಮಾಧಿಯ ಗುಮ್ಮಟ ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸದ್ದು. ಒಂದನ್ನೊಂದು ಹಾಯುವ ಎಂಟು ಕಮಾನುಗಳು ಅದರ ಭಾರವನ್ನು ಗೋಡೆಗಳಿಗೆ ಇಳಿಸುವುದರಿಂದ ಕೆಳಗಿನ ವಿಶಾಲ ಅಂಗಳದಲ್ಲಿ ಒಂದು ಕಂಬವೂ ಇಲ್ಲ. ಮೂಲೆಯ ಏಳು ಅಂತಸ್ತಿನ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಿದರೆ ಪಿಸುಗುಟ್ಟುವ ಗ್ಯಾಲರಿ ಸಿಗುತ್ತದೆ. ದುಂಡನೆಯ ಗೋಡೆಯ ಮೈಯನ್ನು ಹಿಡಿದು ಸಾಗುವ ಧ್ವನಿ ಅಷ್ಟು ದೂರದ ಎದುರು ಬದಿಯಲ್ಲಿ ಕಿವಿಯ ಬಳಿಯೇ ಹುಟ್ಟಿದಂತೆ ಕೇಳುತ್ತದೆ, ಒಂದು ಚಪ್ಪಾಳೆ ಹಲವು ಬಾರಿ ಮರಳಿ ಬರುತ್ತದೆ. ಒಂಬತ್ತು ಗಂಟೆಯ ಮೇಲೆ ಶಾಲಾ ಮಕ್ಕಳ ತಂಡಗಳು ಬಂದರೆ ಕೂಗುಗಳ ರಾಶಿಯಲ್ಲಿ ಪಿಸುಮಾತು ಕಳೆದುಹೋಗುತ್ತದೆ. ಬೆಳಗಿನ ಮೊದಲ ಅರ್ಧ ತಾಸಿನಲ್ಲಿ ಮಾತ್ರ ಗ್ಯಾಲರಿಯ ನಿಜವಾದ ಗುಣ ಗೊತ್ತಾಗುತ್ತದೆ. ಜೊತೆಗೆ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಕರೆದೊಯ್ಯಬೇಕು, ಒಬ್ಬರೇ ಹೋದರೆ ಪಿಸುಗುಟ್ಟಲು ಯಾರಿರುತ್ತಾರೆ? ಮುಂಭಾಗದ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯ ಶುಕ್ರವಾರ ಮುಚ್ಚಿರುತ್ತದೆ.

ಮುಂಜಾನೆಯ ಉಪಾಹಾರಕ್ಕೆ ಹೆಚ್ಚು ಹೇಳಬೇಕಾದ್ದಿಲ್ಲ. ಚುರಮುರಿಯ ಸುಸಲಾ, ಅವಲಕ್ಕಿ, ಉಪ್ಪಿಟ್ಟು ಇವು ಕೋಣೆಯ ಒಂದೇ ಒಲೆಯ ಮೇಲೆ ಹದಿನೈದು ನಿಮಿಷದಲ್ಲಿ ಆಗುತ್ತವೆ. ಬೇಸಿಗೆಯಲ್ಲಿ ರಾತ್ರಿಯೇ ಜೋಳದ ನುಚ್ಚು ಬೇಯಿಸಿಟ್ಟು ಬೆಳಿಗ್ಗೆ ಮಜ್ಜಿಗೆ, ಉಪ್ಪು, ಹಸಿ ಉಳ್ಳಾಗಡ್ಡಿ ಬೆರೆಸಿ ಉಣ್ಣುವುದು ಈ ಸೀಮೆಯ ಹಳೆಯ ರೂಢಿ. ಅದನ್ನು ಉಂಡು ಹೋದವರಿಗೆ ಮಧ್ಯಾಹ್ನದವರೆಗೆ ಹೊಟ್ಟೆ ತಂಪಾಗಿರುತ್ತದೆ.

ಕಚೇರಿಯೊಳಗಿನ ಹೊತ್ತು

ಕಚೇರಿಯ ಹೊತ್ತಿನಲ್ಲಿ ಸುಖವನ್ನು ಹುಡುಕುವುದು ಕೆಲಸಗಳ್ಳತನವೆಂದು ಭಾವಿಸಬೇಕಾಗಿಲ್ಲ. ಶಾಖೆಯ ಕಡತಗಳನ್ನು ನೋಡಿಕೊಳ್ಳುವ ವಿಷಯ ನಿರ್ವಾಹಕನಿಗೆ ದೊರೆಯುವ ಮೊದಲ ಸುಖವೆಂದರೆ ಖಾಲಿಯಾದ ಟಪಾಲಿನ ತಟ್ಟೆ. ಬಂದ ಕೂಡಲೇ ಅಂದಿನ ಟಪಾಲನ್ನು ಆವಕ ವಹಿಯಲ್ಲಿ ನಮೂದಿಸಿ, ಕೂಡಲೇ ಉತ್ತರಿಸಬಹುದಾದವು, ಕಡತದಲ್ಲಿ ಮಂಡಿಸಬೇಕಾದವು, ಬೇರೆ ಶಾಖೆಗೆ ಕಳುಹಿಸಬೇಕಾದವು ಎಂದು ಬೇರ್ಪಡಿಸಿ, ಮೊದಲ ಗುಂಪನ್ನು ಬೆಳಗಿನ ಚಹಾದೊಳಗೆ ಮುಗಿಸಿಬಿಡಬೇಕು. ಇ-ಆಫೀಸಿನಲ್ಲಿ ಕೆಲಸ ಮಾಡುವವರಿಗೂ ಇದೇ ಕ್ರಮ ಒಪ್ಪುತ್ತದೆ. ತಟ್ಟೆಯ ಬದಲು ಅಲ್ಲಿ ಪರದೆ ಇರುತ್ತದೆ, ಅಷ್ಟೇ. ಕಷ್ಟದ ಕಡತವನ್ನು ಮಧ್ಯಾಹ್ನ ಊಟದ ಮೇಲೆ ಮುಟ್ಟಬಾರದು. ಟಿಪ್ಪಣಿ ಬರೆಯುವ ಕೆಲಸ ಬೆಳಗಿನದು, ದಾಖಲೆ ಹೊಂದಿಸುವ ಮತ್ತು ಪ್ರತಿ ತೆಗೆಯುವ ಕೆಲಸ ಮಧ್ಯಾಹ್ನದ್ದು.

ಚಹಾದ ವಿಷಯದಲ್ಲಿ ನಾನು ಸ್ವಲ್ಪ ಹಟದ ಮನುಷ್ಯ. ಮೇಜಿಗೆ ತರಿಸಿಕೊಂಡು ಕಡತದ ಮೇಲೆ ಕಪ್ಪು ಇಟ್ಟು ಕುಡಿಯುವ ಚಹಾ ಲೆಕ್ಕಕ್ಕೆ ಬರುವುದಿಲ್ಲ. ಕಚೇರಿಯ ಆವರಣದ ಹೊರಗಿನ ಚಹಾದಂಗಡಿಗೆ ಇಬ್ಬರು ಮೂವರು ಸಹೋದ್ಯೋಗಿಗಳೊಡನೆ ನಡೆದುಹೋಗಿ, ನಿಂತುಕೊಂಡು ಅರ್ಧ ಚಹಾ ಕುಡಿದು, ಹತ್ತು ನಿಮಿಷದೊಳಗೆ ಮರಳಬೇಕು. ಹೊಸಬರು ಕಚೇರಿಯನ್ನು ಕಲಿಯುವುದು ಅಲ್ಲಿಯೇ. ಯಾವ ಶಾಖೆಯ ಹಳೆಯ ದಾಖಲೆ ಯಾವ ಕಪಾಟಿನಲ್ಲಿದೆ, ಯಾವ ಅರ್ಜಿದಾರರು ಎಷ್ಟು ದಿನದಿಂದ ಅಲೆಯುತ್ತಿದ್ದಾರೆ ಎಂಬುದು ಸುತ್ತೋಲೆಗಳಲ್ಲಿ ಬರುವುದಿಲ್ಲ. ಸಂಬೋಧನೆಯಲ್ಲಿಯೂ ಊರಿನ ಕ್ರಮವನ್ನು ಹಿಡಿಯಬೇಕು. ವಯಸ್ಸಾದ ಡಿ ದರ್ಜೆಯ ನೌಕರರನ್ನು ಹೆಸರು ಹಿಡಿದು ಕರೆಯದೆ 'ಕಾಕಾ' ಎಂದೂ, ಹಿರಿಯ ಮಹಿಳಾ ಸಿಬ್ಬಂದಿಯನ್ನು 'ಅಕ್ಕಾರು' ಎಂದೂ ಕರೆದು, ಪ್ರತಿ ಮಾತಿನ ಕೊನೆಗೆ 'ರಿ' ಸೇರಿಸಿದರೆ ದಕ್ಷಿಣದ ಜಿಲ್ಲೆಗಳಿಂದ ಬಂದವರೂ ಒಂದೆರಡು ವಾರದಲ್ಲಿ ಇಲ್ಲಿಯವರಾಗುತ್ತಾರೆ. ಒಮ್ಮೆ ನೀವು ಚಹಾದ ದುಡ್ಡು ಕೊಟ್ಟರೆ ಮರುದಿನ ಇನ್ನೊಬ್ಬರು ಕೊಡಲು ಬಿಡಬೇಕು. ದಿನವೂ ತಾನೇ ಕೊಡುತ್ತೇನೆಂದು ಹಟ ಹಿಡಿಯುವುದು ಉದಾರತೆಯಂತೆ ಕಂಡರೂ ಉಳಿದವರಿಗೆ ಮುಜುಗರವಾಗುತ್ತದೆ.

ಸಂದರ್ಭ ಬಂದಿದೆಯೆಂದು ಒಂದು ಮಾತು: ಈ ಊರಿನ ಕಚೇರಿಗಳಿಗೆ ತಮ್ಮದೇ ಇತಿಹಾಸವಿದೆ. 1885ರಲ್ಲಿ ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ ಬ್ರಿಟಿಷ್ ಅಧಿಕಾರಿಗಳು ಆದಿಲ್‌ಶಾಹಿ ಮಹಲುಗಳಲ್ಲಿ ಕೆಲವನ್ನು ದುರಸ್ತಿ ಮಾಡಿಸಿ ಕಚೇರಿಗಳನ್ನಾಗಿ ಬಳಸಿಕೊಂಡರು. ಅರಮನೆಯ ಗೋಡೆಯ ಒಳಗೆ ಕುಳಿತು ಭೂಕಂದಾಯದ ಲೆಕ್ಕ ಬರೆದ ಗುಮಾಸ್ತರ ಪರಂಪರೆ ಇಲ್ಲಿ ನೂರು ವರ್ಷಕ್ಕೂ ಹಳೆಯದು.

ಮಧ್ಯಾಹ್ನದ ಊಟಕ್ಕೆ ಎರಡು ದಾರಿಗಳಿವೆ, ಡಬ್ಬಿ ಅಥವಾ ಖಾನಾವಳಿ. ಒಂಟಿಯಾಗಿರುವವರಿಗೆ ವಾರದಲ್ಲಿ ಎರಡು ಮೂರು ದಿನವಾದರೂ ಖಾನಾವಳಿಯೇ ಒಳ್ಳೆಯದೆಂದು ನನ್ನ ಸಲಹೆ. ಆರಿಸುವಾಗ ಫಲಕವನ್ನಾಗಲಿ ಮೇಜಿನ ಹೊಳಪನ್ನಾಗಲಿ ನೋಡದೆ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿದೆಯೇ ಎಂದು ಕಿವಿಗೊಡಬೇಕು. ಆ ಸದ್ದು ಬಂದರೆ ತಟ್ಟೆಗೆ ಬಿಸಿ ರೊಟ್ಟಿ ಬರುತ್ತದೆ. ಇಲ್ಲಿನ ಜೋಳವೆಂದರೆ ಎರೆಭೂಮಿಯ ಹಿಂಗಾರು ಜೋಳ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬಿತ್ತಿ, ಮಣ್ಣು ಹಿಡಿದಿಟ್ಟುಕೊಂಡ ತೇವದ ಬಲದಲ್ಲಿಯೇ ಬೆಳೆದು ಮಾಗುವ ಬಿಳಿಜೋಳ, ಅದರಲ್ಲಿಯೂ ಮಾಲದಂಡಿ ತಳಿಯದು, ರೊಟ್ಟಿಗೆ ಮೆದುವೂ ಸಿಹಿಯೂ ಆಗಿರುತ್ತದೆ. ತಟ್ಟೆಯಲ್ಲಿ ಎಣ್ಣೆಗಾಯಿ ಬದನೆಕಾಯಿ, ಒಂದು ಕಾಳಿನ ಪಲ್ಯ, ಜುಣಕ, ಶೇಂಗಾ ಚಟ್ನಿ ಅಥವಾ ಗುರೆಳ್ಳು ಹಿಂಡಿ (ಚಟ್ನಿಪುಡಿ), ಗಟ್ಟಿ ಮೊಸರು ಮತ್ತು ಹಸಿಯಾಗಿ ತಿನ್ನಲು ಮೆಂತ್ಯದ ಸೊಪ್ಪು, ಮೂಲಂಗಿ, ಹಕ್ಕರಕಿ ಎಂಬ ಹೊಲದ ಸೊಪ್ಪು ಇರುತ್ತವೆ. ಹೊಸಬರು ಮೊದಲ ದಿನ ಪಲ್ಯಗಳನ್ನು ಬೇಗ ಮುಗಿಸಿ ಚಟ್ನಿಯನ್ನು ಬಿಟ್ಟುಬಿಡುತ್ತಾರೆ. ಹಿಂಡಿಯ ನಡುವೆ ಸಣ್ಣ ಗುಣಿ ಮಾಡಿ ಅದರಲ್ಲಿ ಎಣ್ಣೆ ಅಥವಾ ಮೊಸರು ಹಾಕಿ ಕಲಸಿಕೊಂಡು, ಅರ್ಧ ರೊಟ್ಟಿಯನ್ನು ಅದಕ್ಕಾಗಿಯೇ ಉಳಿಸಿಕೊಳ್ಳಬೇಕು. ಅನ್ನವನ್ನು ಅಲ್ಪಸ್ವಲ್ಪಕ್ಕೆ ನಿಲ್ಲಿಸಿದರೆ ಮೂರು ಗಂಟೆಯ ತೂಕಡಿಕೆ ಕಡಿಮೆಯಾಗುತ್ತದೆ.

ಕಚೇರಿಯ ಡ್ರಾವರಿನಲ್ಲಿ ಒಂದು ಗಾಳಿಯಾಡದ ಡಬ್ಬಿಯ ತುಂಬ ಕಟಕ ರೊಟ್ಟಿ, ಇನ್ನೊಂದರಲ್ಲಿ ಶೇಂಗಾ ಚಟ್ನಿ ಇಟ್ಟಿರಬೇಕು. ಒಣಗಿಸಿದ ಈ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಸಭೆ ಎಳೆದು ಊಟದ ಹೊತ್ತು ಮೀರಿದ ದಿನ ಇದರ ಮುಂದೆ ಬಿಸ್ಕತ್ತು ನಿಲ್ಲಲಾರದು. ತಿನ್ನುವಾಗ ಆಗುವ ಕಟಕಟ ಸದ್ದು ಪಕ್ಕದ ಮೇಜಿನವರನ್ನೂ ಕರೆತರುತ್ತದೆ, ಆದುದರಿಂದ ಎರಡು ರೊಟ್ಟಿ ಹೆಚ್ಚಾಗಿಯೇ ಇಡಬೇಕು.

ಏಪ್ರಿಲ್ ಮತ್ತು ಮೇ

ಈ ಎರಡು ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಿಶೇಷವಲ್ಲ. ಅದಕ್ಕಾಗಿಯೇ ಕಲಬುರಗಿ ವಿಭಾಗದ ಜಿಲ್ಲೆಗಳ ಜೊತೆಗೆ ಬೆಳಗಾವಿ ವಿಭಾಗದ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿಯೂ ರಾಜ್ಯ ಸರ್ಕಾರಿ ಕಚೇರಿಗಳ ವೇಳೆಯನ್ನು ಬೇಸಿಗೆಯಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಯಿಸುವ ಆದೇಶ ಹೊರಡುವ ರೂಢಿಯಿದೆ. ಹೊಸ ನೌಕರರು ಈ ಆದೇಶವನ್ನು ಅರ್ಧ ದಿನದ ರಜೆಯೆಂದು ಎಣಿಸಿ ಸಂಭ್ರಮಿಸುತ್ತಾರೆ, ಮತ್ತು ಎರಡನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಆ ಉದ್ದನೆಯ ಹೊತ್ತನ್ನು ಏನು ಮಾಡಬೇಕೆಂದು ತಿಳಿಯದೆ ಬೇಸರಗೊಳ್ಳುತ್ತಾರೆ.

ಇದಕ್ಕೆ ದಿನವನ್ನು ಎರಡಾಗಿ ಮಡಿಸಿಕೊಳ್ಳುವುದೇ ಉಪಾಯ. ನಡಿಗೆಯನ್ನು ಐದೂವರೆಗೆ ಎಳೆದುಕೊಂಡು, ಏಳರೊಳಗೆ ಉಪಾಹಾರ ಮುಗಿಸಿ, ಎಂಟಕ್ಕೆ ಮೇಜಿನ ಮುಂದೆ ಇರಬೇಕು. ಒಂದೂವರೆಗೆ ಹೊರಬಿದ್ದವರು ತಲೆಗೆ ಟವೆಲು ಸುತ್ತಿಕೊಂಡು ನೇರವಾಗಿ ಊಟಕ್ಕೆ, ಅಲ್ಲಿಂದ ನೇರವಾಗಿ ಕೋಣೆಗೆ ಹೋಗಬೇಕು. ದಾರಿಯಲ್ಲಿ ಬ್ಯಾಂಕಿನ ಕೆಲಸ, ಅಂಗಡಿಯ ಕೆಲಸ ಎಂದು ಸುತ್ತಿದರೆ ಆ ದಿನದ ಸಂಜೆ ತಲೆನೋವಿಗೆ ಹೋಗುತ್ತದೆ. ಕೋಣೆಯ ಕಿಟಕಿಗಳನ್ನು ಬೆಳಿಗ್ಗೆ ಏಳು ಗಂಟೆಗೇ ಮುಚ್ಚಿ ಪರದೆ ಎಳೆದು ಹೋಗಿದ್ದರೆ ಒಳಗಿನ ಗಾಳಿ ಅಷ್ಟು ಕಾದಿರುವುದಿಲ್ಲ. ಕಿಟಕಿ ತೆರೆಯುವುದು ಸೂರ್ಯ ಮುಳುಗಿದ ಮೇಲೆಯೇ. ಮಧ್ಯಾಹ್ನ ಮುಕ್ಕಾಲು ತಾಸು ಮಲಗಬೇಕು, ಅಲಾರಂ ಇಟ್ಟುಕೊಂಡೇ ಮಲಗಬೇಕು. ಆಮೇಲೆ ಒಂದು ಲಿಂಬು ಶರಬತ್ತು. ಲಿಂಬೆಹಣ್ಣಿಗೆ ಈ ಜಿಲ್ಲೆಯಲ್ಲಿ ಬರವಿಲ್ಲ, ಇಂಡಿ ತಾಲ್ಲೂಕಿನ ಲಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಗಡಿಗೆಯ ನೀರು, ಒಂದು ಚಿಟಿಕೆ ಉಪ್ಪು, ಸಕ್ಕರೆ, ಬೇಕಾದರೆ ಹುರಿದ ಜೀರಿಗೆ ಪುಡಿ ಹಾಕಿದರೆ ಸಾಕು, ಮಂಜುಗಡ್ಡೆ ಬೇಡ.

ಮೂರರಿಂದ ಆರರವರೆಗಿನ ಹೊತ್ತನ್ನು ಓದಿಗೆ ಮೀಸಲಿಡುವುದು ನನಗೆ ತಿಳಿದ ಅತ್ಯುತ್ತಮ ಉಪಯೋಗ. ಇಲಾಖಾ ಪರೀಕ್ಷೆಗಳು ಬಾಕಿಯಿರುವವರಿಗೆ ವರ್ಷದಲ್ಲಿ ಇದಕ್ಕಿಂತ ಅನುಕೂಲವಾದ ಎರಡು ತಿಂಗಳು ಸಿಗುವುದಿಲ್ಲ. ಪರೀಕ್ಷೆ ಮುಗಿದವರು ವಚನಗಳ ಒಂದು ಸಂಪುಟವನ್ನು ಎತ್ತಿಕೊಳ್ಳಬಹುದು. ಅದಕ್ಕೆ ಈ ಊರಿನಲ್ಲಿ ವಿಶೇಷ ಕಾರಣವಿದೆ: ವಕೀಲಿ ಮಾಡುತ್ತಲೇ ತಾಡವೋಲೆಗಳನ್ನು ಮನೆಮನೆ ಹುಡುಕಿ ಸಂಗ್ರಹಿಸಿ, ಅವುಗಳಲ್ಲಿದ್ದ ವಚನಗಳನ್ನು ಅಚ್ಚಿಗೆ ತಂದ ಡಾ. ಫ.ಗು. ಹಳಕಟ್ಟಿಯವರು (1880–1964) ಬದುಕಿನ ಬಹುಭಾಗವನ್ನು ಕಳೆದದ್ದು ಇಲ್ಲಿಯೇ. ಕಚೇರಿಯ ಕೆಲಸದಿಂದ ಹೊತ್ತೇ ಉಳಿಯುವುದಿಲ್ಲ ಎನ್ನುವವರು ಅವರ ದಿನಚರಿ ಹೇಗಿದ್ದಿರಬೇಕೆಂದು ಒಮ್ಮೆ ಯೋಚಿಸುವುದು ಒಳ್ಳೆಯದು.

ಬ್ಯಾಂಕು ಮತ್ತು ಖಾಸಗಿ ಕಚೇರಿಗಳಲ್ಲಿರುವವರಿಗೆ ಈ ವೇಳಾಪಟ್ಟಿ ಅನ್ವಯಿಸುವುದಿಲ್ಲ. ಅವರು ಡಬ್ಬಿಯನ್ನೇ ನೆಚ್ಚಿಕೊಂಡು ಮಧ್ಯಾಹ್ನ ಹೊರಗೆ ಬೀಳುವುದನ್ನು ಬಿಟ್ಟು, ತಮ್ಮ ನಡಿಗೆ ಮತ್ತು ಓದನ್ನು ಪೂರ್ತಿಯಾಗಿ ಮುಂಜಾನೆಗೆ ಹಾಕಿಕೊಳ್ಳಬೇಕಾಗುತ್ತದೆ.

ಸಂಜೆ

ಕಚೇರಿ ಬಿಟ್ಟ ಮೇಲಿನ ಮೊದಲ ಅರ್ಧ ತಾಸನ್ನು ಕೋಣೆಯಲ್ಲಿ ಕಳೆಯಬಾರದು. ಹಾಸಿಗೆಗೆ ಬೆನ್ನು ತಾಗಿದರೆ ಸಂಜೆ ಮುಗಿದಂತೆ. ಮುಖ ತೊಳೆದುಕೊಂಡು ಗಾಂಧಿ ಚೌಕದ ಕಡೆಗೋ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಯ ಕಡೆಗೋ ನಡೆಯಬೇಕು, ಮರುದಿನದ ಕಾಯಿಪಲ್ಯವನ್ನು ಆರಿಸಿ ತರಬೇಕು. ಸಿದ್ಧೇಶ್ವರ ಗುಡಿಗೆ ಹೋಗುವ ರೂಢಿಯಿರುವವರಿಗೆ ಅದೂ ಅದೇ ಸುತ್ತಿನಲ್ಲಿ ಆಗುತ್ತದೆ.

ವಾರಕ್ಕೆ ಎರಡು ಸಂಜೆಗಳನ್ನು ಗಿರ್ಮಿಟ್ಟಿಗೆ ಗೊತ್ತುಮಾಡಿಕೊಳ್ಳಬಹುದು. ದಿನವೂ ತಿಂದರೆ ಅದು ಸುಖವಾಗಿ ಉಳಿಯದೆ ಚಟವಾಗುತ್ತದೆ. ಉಳ್ಳಾಗಡ್ಡಿ, ಹುಣಸೆ, ಹಸಿಮೆಣಸಿನಕಾಯಿಯ ಗೊಜ್ಜಿಗೆ ಚುರಮುರಿ ಹಾಕಿ, ಪುಟಾಣಿ ಹಿಟ್ಟು ಉದುರಿಸಿ, ಹಸಿ ಉಳ್ಳಾಗಡ್ಡಿ ಮತ್ತು ಕೊತ್ತಂಬರಿ ಸೇರಿಸಿ ಕೊಡುವ ಗಿರ್ಮಿಟ್ಟು ಕಲಸಿದ ಕೂಡಲೇ ತಿನ್ನಬೇಕಾದದ್ದು. ಪೊಟ್ಟಣ ಕಟ್ಟಿಸಿಕೊಂಡು ಕೋಣೆಗೆ ಒಯ್ದರೆ ಚುರಮುರಿ ಮೆತ್ತಗಾಗಿ ಉಪ್ಪಿಟ್ಟಿನ ದೂರದ ನಂಟನಂತಾಗುತ್ತದೆ. ಜೊತೆಗಿನ ಮಿರ್ಚಿ ಭಜಿ ಬಾಣಲೆಯಿಂದ ಆಗಷ್ಟೇ ಇಳಿದದ್ದೇ ಆಗಿರಬೇಕು, ಇಲ್ಲದಿದ್ದರೆ ಮುಂದಿನ ಸುತ್ತಿಗೆ ಕಾಯುವುದು ಮೇಲು.

ಬೇಸಿಗೆಯ ಸಂಜೆಗಳು ಆರೂ ಮುಕ್ಕಾಲರವರೆಗೆ ಬೆಳಕಾಗಿರುತ್ತವೆ, ಆದುದರಿಂದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ (1580–1627) ಸಮಾಧಿಯಿರುವ ಇಬ್ರಾಹಿಂ ರೋಜಾಕ್ಕೆ ಒಂದು ಸಂಜೆಯನ್ನು ಕೊಡಬಹುದು. ಅಲ್ಲಿನ ಕಿಟಕಿಗಳ ಕಲ್ಲಿನ ಜಾಲಂಧ್ರಗಳನ್ನು ಅಕ್ಷರಗಳ ಆಕಾರದಲ್ಲಿಯೇ ಕೊರೆದಿದ್ದಾರೆ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಅವು ಎದ್ದು ಕಾಣುತ್ತವೆ. ಸಂಜೆ ಬಾಗಿಲು ಮುಚ್ಚುವ ಹೊತ್ತನ್ನು ಕಾವಲಿನವರಿಂದ ಮೊದಲೇ ತಿಳಿದುಕೊಳ್ಳಬೇಕು.

ಹಣದ ಮಾತನ್ನು ಎರಡೇ ವಾಕ್ಯಗಳಲ್ಲಿ ಮುಗಿಸುತ್ತೇನೆ. ಸಂಬಳ ಬಂದ ದಿನವೇ ಚಹಾ, ಗಿರ್ಮಿಟ್ಟು, ಟಿಕೆಟ್, ಪುಸ್ತಕಗಳಿಗೆಂದು ಒಂದು ಸಣ್ಣ ಮೊತ್ತವನ್ನು ನಗದಾಗಿ ತೆಗೆದು ಬೇರೆ ಪಾಕೀಟಿನಲ್ಲಿ ಇಡಬೇಕು, ಮತ್ತು ಅದು ತೀರಿದ ಮೇಲೆ ಮೊಬೈಲಿನಿಂದ ಪಾವತಿಸುವ ಅಭ್ಯಾಸವನ್ನು ಮುಂದಿನ ಸಂಬಳದವರೆಗೆ ನಿಲ್ಲಿಸಬೇಕು.

ರಜೆಯ ಶನಿವಾರಗಳು ಮತ್ತು ಚಳಿಗಾಲದ ಹೊಲ

2019ರ ಜೂನ್‌ನಿಂದ ರಾಜ್ಯ ಸರ್ಕಾರಿ ನೌಕರರಿಗೆ ಎರಡನೆಯ ಶನಿವಾರದ ಜೊತೆಗೆ ನಾಲ್ಕನೆಯ ಶನಿವಾರವೂ ರಜೆಯಾಯಿತು. ಅದಕ್ಕೆ ಬದಲಾಗಿ ಸಾಂದರ್ಭಿಕ ರಜೆಗಳು ವರ್ಷಕ್ಕೆ 15ರಿಂದ 10ಕ್ಕೆ ಇಳಿದವು. ಈ ಎರಡರಲ್ಲಿ ಒಂದು ಶನಿವಾರ ಊರಿಗೆ ಹೋಗಲು, ಇನ್ನೊಂದು ಇಲ್ಲಿಯೇ ಉಳಿಯಲು ಎಂದು ಇಟ್ಟುಕೊಂಡರೆ ಎರಡೂ ಕಡೆಗೆ ನ್ಯಾಯ ಸಲ್ಲುತ್ತದೆ. ಇಲ್ಲಿ ಉಳಿದ ಶನಿವಾರದಂದು ಸುತ್ತಲಿನ ತಿರುಗಾಟಕ್ಕೆ ರೈಲು ಹತ್ತಬೇಕು. ಗದಗದ ಕಡೆಗೆ ಹೋಗುವ ಗಾಡಿಗಳು ಆಲಮಟ್ಟಿ, ಬಾಗಲಕೋಟೆಗಳನ್ನು ಹಾಯ್ದು ಬಾದಾಮಿಯನ್ನು ಮುಟ್ಟುತ್ತವೆ. ಆಲಮಟ್ಟಿಯ ಸುತ್ತ ಕೃಷ್ಣೆಯನ್ನು ದಾಟುವಾಗ ಕಿಟಕಿಯ ಪಕ್ಕದ ಸೀಟು ಇದ್ದರೆ ಟಿಕೆಟಿನ ಅರ್ಧ ಬೆಲೆ ಅಲ್ಲಿಯೇ ಸಂದಾಯವಾಗುತ್ತದೆ. ಬಸವನ ಬಾಗೇವಾಡಿಗೆ ಬಸ್ಸೇ ಅನುಕೂಲ. ಮಹಿಳಾ ನೌಕರರಿಗೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿರುವುದರಿಂದ ಇಂತಹ ತಿರುಗಾಟಕ್ಕೆ ಬುತ್ತಿ ಕಟ್ಟಿಕೊಂಡರೆ ಸಾಕು.

ಡಿಸೆಂಬರ್ ಬಂದಾಗ ದಿನಚರಿಯನ್ನು ಮತ್ತೊಮ್ಮೆ ಸಡಿಲಿಸಬೇಕು, ಏಕೆಂದರೆ ಆಗ ಊರಿನ ಸುಖವೆಲ್ಲ ಹೊಲಕ್ಕೆ ಹೋಗಿರುತ್ತದೆ. ಜೋಳದ ತೆನೆ ಹಾಲು ತುಂಬಿ ಇನ್ನೂ ಬಲಿಯದಿರುವಾಗ ಅದನ್ನು ಕುಳ್ಳಿನ ಕೆಂಡದ ಮೇಲೆ ಸುಟ್ಟು, ಬಡಿದು ಉದುರಿಸಿ, ಬಿಸಿಯಾಗಿಯೇ ಶೇಂಗಾ ಚಟ್ನಿ, ಬೆಲ್ಲ, ಮೊಸರಿನೊಡನೆ ತಿನ್ನುವ ಸೀತನಿಯನ್ನು ಯಾವ ಹೋಟೆಲಿನವರೂ ಕೊಡಲಾರರು. ಅದಕ್ಕೆ ಹೊಲವಿರುವ ಸಹೋದ್ಯೋಗಿಯ ಆಮಂತ್ರಣವೇ ಬೇಕು. ಎಳ್ಳಮಾವಾಸ್ಯೆಯಂದು ಆಮಂತ್ರಣ ತಪ್ಪದೆ ಬರುತ್ತದೆ, ಏಕೆಂದರೆ ಅಂದು ಒಬ್ಬರನ್ನಾದರೂ ಜೊತೆಗೆ ಕರೆದೊಯ್ಯದೆ ಹೊಲಕ್ಕೆ ಹೋಗುವ ಮನೆ ಇಲ್ಲಿ ಅಪರೂಪ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಯ ನಡುವೆ ಚರಗ (ಭೂತಾಯಿಗೆ ಅರ್ಪಿಸುವ ಅಡುಗೆ) ಚೆಲ್ಲಿ, ಆಮೇಲೆ ಎಲ್ಲರೂ ನೆಲದ ಮೇಲೆ ಕುಳಿತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಣ್ಣುತ್ತಾರೆ.

ಆಮಂತ್ರಣ ಬಂದಾಗ ಸಂಕೋಚದಿಂದ ಬೇಡವೆನ್ನಬಾರದು. ವಾರದ ನಡುವೆ ಬಂದರೆ ಉಳಿದ ಹತ್ತು ಸಾಂದರ್ಭಿಕ ರಜೆಗಳಲ್ಲಿ ಒಂದನ್ನು ಇದಕ್ಕಾಗಿಯೇ ಕಾದಿರಿಸಿ, ಶಾಖೆಯವರೆಲ್ಲ ಅದೇ ದಿನ ಕೇಳುವುದರಿಂದ ವಾರ ಮೊದಲೇ ಅರ್ಜಿ ಕೊಟ್ಟಿರಬೇಕು. ಕೈಯಲ್ಲಿ ಸಿಹಿಯ ಪೊಟ್ಟಣ ಒಯ್ಯುವುದಕ್ಕಿಂತ ಒಂದು ಕಿಲೋ ಒಣದ್ರಾಕ್ಷಿಯನ್ನೋ ಬಾಳೆಹಣ್ಣಿನ ಗೊನೆಯನ್ನೋ ಒಯ್ದರೆ ಮಕ್ಕಳಿಗೆಲ್ಲ ಹಂಚಲು ಬರುತ್ತದೆ. ಎರೆಹೊಲದ ಬಿರುಕುಗಳಲ್ಲಿ ಹೊಸ ಬೂಟು ಹಾಳಾಗುತ್ತದೆ, ಹಳೆಯ ಚಪ್ಪಲಿ ಹಾಕಿಕೊಳ್ಳಬೇಕು. ತಲೆಗೆ ಒಂದು ಟವೆಲು ಇರಲಿ. ಮರಳುವ ಟಂಟಂ ಆಟೋ ಎಷ್ಟೊತ್ತಿಗೆ ಸಿಗುತ್ತದೆಂದು ಹೋಗುವಾಗಲೇ ವಿಚಾರಿಸಿಕೊಳ್ಳಬೇಕು, ಮತ್ತು ಮನೆಯ ಹಿರಿಯರು ಬುತ್ತಿ ಕಟ್ಟಿಕೊಟ್ಟರೆ ಡಬ್ಬಿಯನ್ನು ಮರುದಿನವೇ ತೊಳೆದು, ಖಾಲಿಯಾಗಿ ಕೊಡದೆ ಒಳಗೆ ನಾಲ್ಕು ಹಣ್ಣು ಹಾಕಿ, ಮರಳಿಸಬೇಕು.